ನೆಲ್ಲಿಗುಂಡದ ಸುಳ್ಳಿದೊಣೆ

ನೆಲ್ಲಿಗುಂಡದ ಬೆಟ್ಟ ದೂರಕ್ಕೆ ಮಲಗಿದ ಎಮ್ಮೆಯಂತೆ ಕಾಣುತ್ತದೆ. ಬುಡದಿಂದ ನೆತ್ತಿಯವರೆಗೆ ಒಂದೇ ಬಂಡೆ. ಸೀಳುಗಳಲ್ಲಿ ಬೆಳೆದ ಕಳ್ಳಿ, ತಂಗಡಿ ಬಿಟ್ಟರೆ ಹಸಿರಿಲ್ಲ. ಆರುನೂರು ಚಿಲ್ಲರೆ ಮೆಟ್ಟಿಲು ಹತ್ತಿದರೆ ಎರಡು ದೊಡ್ಡ ಗುಂಡುಗಳ ನಡುವಿನ ತಗ್ಗಿನಲ್ಲಿ ಒಂದು ದೊಣೆಯಿದೆ. ಬಂಡೆಯೇ ಬಟ್ಟಲಾಗಿ ಮಳೆನೀರನ್ನು ಹಿಡಿದಿಟ್ಟುಕೊಂಡ ಕೊಳ ಅದು. ಮಧ್ಯಾಹ್ನಕ್ಕೆ ಮೊದಲು ಬಿಸಿಲು ಅಲ್ಲಿಗೆ ಇಳಿಯುವುದಿಲ್ಲ. ಅದನ್ನು ಸುಳ್ಳಿದೊಣೆ ಎನ್ನುತ್ತಾರೆ. ಕಳೆದ ಪುಷ್ಯಮಾಸದಲ್ಲಿ ಬೆಳಗಿನ ಜಾವವೇ ಬೆಟ್ಟ ಹತ್ತಿದ ಇಬ್ಬರು, ದೊಣೆಯ ಅಂಚಿನಲ್ಲಿ ನೀರು ಗಾಜಿನಂತೆ ಗಟ್ಟಿಯಾಗಿತ್ತೆಂದು ಮೊಬೈಲಿನಲ್ಲಿ ಚಿತ್ರ ತೋರಿಸಿದರು. ಯಾರೂ ನಂಬಲಿಲ್ಲ, ಅಂಗಡಿಯಿಂದ ಮಂಜುಗಡ್ಡೆ ಹೊತ್ತುಕೊಂಡು ಹೋಗಿರಬೇಕೆಂದರು. ನಾನು ತಾಲ್ಲೂಕು ಕಚೇರಿಯಲ್ಲಿ ಹವಾಮಾನದ ಹಳೆಯ ಪುಸ್ತಕಗಳನ್ನು ತೆಗೆಸಿ ನೋಡಿದೆ. ಅರವತ್ತೆರಡು ವರ್ಷಗಳಲ್ಲಿ ಎಂಟು ಡಿಗ್ರಿಗಿಂತ ಕೆಳಗಿಳಿದ ದಿನ ಒಂದೂ ಇರಲಿಲ್ಲ. ಈ ಸಲ ಏಳೂವರೆ. ದಾಖಲೆಯೇನೋ ಹೌದು, ಆದರೆ ನೀರು ಗಟ್ಟಿಯಾಗುವಷ್ಟು ಚಳಿಯಲ್ಲ. ನಾನೂ ಅವರನ್ನು ಅನುಮಾನಿಸುತ್ತಲೇ ಮನೆಗೆ ಬಂದೆ. ದಾರಿಯಲ್ಲಿ ದೊಣೆಗೆ ಆ ಹೆಸರು ಬಂದ ಕಥೆ ನೆನಪಾಗಿ ನಾಚಿಕೆಯಾಯಿತು.

ಪಾಳೆಯಗಾರರ ಕಾಲದಲ್ಲಿ ಈ ಸೀಮೆಯನ್ನು ಸಿರುಮಪ್ಪ ನಾಯಕನೆಂಬವನು ಆಳುತ್ತಿದ್ದನಂತೆ. ಕೋಟೆ ಬೆಟ್ಟದ ಬುಡದಲ್ಲಿ, ಕಾವಲುಗಟ್ಟೆ ನೆತ್ತಿಯ ಮೇಲೆ. ಮೂಡಲ ಸೀಮೆಯ ಪಾಳೆಯಗಾರನಿಗೂ ಇವನಿಗೂ ಹಗೆ. ಹಗೆಗಿಂತ ಹೆಚ್ಚಾಗಿ ಅನುಮಾನವೇ ನಾಯಕನನ್ನು ತಿನ್ನುತ್ತಿತ್ತು. ತನ್ನ ಊಟವನ್ನು ಮೊದಲು ನಾಯಿಗೆ ಹಾಕಿಸಿ ನೋಡುತ್ತಿದ್ದ. ಮಲಗುವ ಕೋಣೆಯನ್ನು ವಾರಕ್ಕೊಮ್ಮೆ ಬದಲಿಸುತ್ತಿದ್ದ. ಬಾಯಿಮಾತನ್ನು ನಂಬದ ಅವನು ನಂಬುತ್ತಿದ್ದುದು ಒಂದನ್ನೇ, ಶಾನುಭೋಗ ಲಕ್ಕರಸಯ್ಯನ ಕಡತವನ್ನು. ಮೂರು ತಲೆಮಾರಿನಿಂದ, ತೊಂಬತ್ತು ವರ್ಷಗಳ ಮಳೆ, ಗಾಳಿ, ಬಿಸಿಲು, ಚಳಿ ಎಲ್ಲವೂ ಅದರಲ್ಲಿ ದಾಖಲಾಗಿದ್ದವು. ಯಾವ ವರ್ಷ ಅವರೆಹೂ ಕಮರಿತು, ಯಾವ ವರ್ಷ ಕೊಬ್ಬರಿ ಎಣ್ಣೆ ಮೂರು ದಿನ ಕರಗಲಿಲ್ಲ, ಯಾವ ಚಳಿಗೆ ಎಷ್ಟು ಮಂದಿ ಮುದುಕರು ಹೋದರು, ಎಲ್ಲಕ್ಕೂ ತಿಥಿವಾರಗಳಿದ್ದವು.

ಹಿಂದೆ ಒಮ್ಮೆ, ಆ ನಾಯಕನ ಆಳ್ವಿಕೆಯ ಹನ್ನೊಂದನೆಯ ವರ್ಷ, ಪುಷ್ಯ ಹುಟ್ಟುತ್ತಲೇ ಬಡಗಣ ಗಾಳಿ ಬೀಸತೊಡಗಿತು. ಆಕಾಶ ತೊಳೆದಂತಿತ್ತು, ಒಂದು ಮೋಡವಿಲ್ಲ. ಅದೇ ಹೊತ್ತಿಗೆ ಮೂಡಲ ಸೀಮೆಯವರು ದಂಡು ಕೂಡಿಸುತ್ತಿದ್ದಾರೆಂಬ ಸುದ್ದಿ ಬಂತು. ಬೆಟ್ಟದ ಮೇಲಿನ ಬೆಂಕಿಯನ್ನು ನೋಡಿ ವೈರಿ ಕಾವಲಿನ ಲೆಕ್ಕ ಹಾಕುತ್ತಾನೆಂದು ನಾಯಕ ಶಂಕಿಸಿದ. ಇನ್ನು ಮೇಲೆ ನೆತ್ತಿಯಲ್ಲಿ ಬೆಂಕಿ ಹಾಕಕೂಡದೆಂದು ಅಪ್ಪಣೆಯಾಯಿತು. ಲಕ್ಕರಸಯ್ಯ ಅದನ್ನು ಕಡತದಲ್ಲಿ ಬರೆದ.

ಕಾವಲಿನಲ್ಲಿ ಇಬ್ಬರಿದ್ದರು. ದಿನವೂ ಬೆಳಗ್ಗೆ ಅವರಿಗೆ ಹಾಲು, ಅಂಬಲಿ ಒಯ್ಯುತ್ತಿದ್ದವಳು ಗೊಲ್ಲರ ಹಟ್ಟಿಯ ಚಿತ್ತಕ್ಕ. ಗಂಡ ತೀರಿದ್ದ, ಮಕ್ಕಳಿರಲಿಲ್ಲ. ಅವಳ ತವರು ಮೂಡಲ ಸೀಮೆಯಲ್ಲಿತ್ತು. ಅಪ್ಪಣೆಯಾದ ಆರನೆಯ ಬೆಳಗ್ಗೆ ಅವಳು ಮೇಲೆ ಹೋದಾಗ ಇಬ್ಬರೂ ಒಂದೇ ಕಂಬಳಿಯೊಳಗೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಸತ್ತಿದ್ದರು. ತುಟಿ, ಉಗುರು ನೀಲಿಗಟ್ಟಿದ್ದವು. ಬಾಯಿಗೆ ನೀರು ಬಿಡೋಣವೆಂದು ಹಾಲಿನ ಕೊಡವನ್ನು ಬರಿದು ಮಾಡಿ ದೊಣೆಗೆ ಅದ್ದಲು ಹೋದರೆ ಕೊಡ ಟಣ್ಣೆಂದಿತು. ದೊಣೆಯ ನೀರು ಕಲ್ಲಾಗಿತ್ತು. ಹೇಳಿದರೆ ನಂಬುವುದಿಲ್ಲವೆಂದು ಅವಳಿಗೆ ಆಗಲೇ ಗೊತ್ತಿತ್ತು. ಗುಂಡುಕಲ್ಲಿನಿಂದ ಕುಟ್ಟಿ ಅದರ ಒಂದು ಹೋಳನ್ನು ಒಡೆದು, ಕೊಡಕ್ಕೆ ಹಾಕಿ, ಕಂಬಳಿ ಸುತ್ತಿ, ಓಡೋಡಿ ಇಳಿದಳು. ಕೋಟೆಯ ಬಾಗಿಲಿನವರು ಅವಳನ್ನು ತಡೆದು, ವಿಚಾರಿಸಿ, ಒಳಗೆ ಬಿಡುವ ಹೊತ್ತಿಗೆ ಬಿಸಿಲೇರಿತ್ತು. ನಾಯಕನ ಮುಂದೆ ಕೊಡ ಬಗ್ಗಿಸಿದಾಗ ಬರೀ ನೀರು ಸುರಿಯಿತು.

"ಇದು ಕಲ್ಲೇ?" ಎಂದ ನಾಯಕ.

"ಕಲ್ಲಾಗಿತ್ತು ಬುದ್ಧಿ, ದಾರೀಲಿ ಕರಗ್ತು. ಅವರಿಬ್ರೂ ಚಳಿಗೇ ಹೋದ್ರು."

"ನಿನ್ನ ತವರು ಯಾವುದು?"

ಅವಳು ಮುಚ್ಚಿಡಲಿಲ್ಲ, ಹೇಳಿದಳು. ತುಟಿ ನೀಲಿಗಟ್ಟಿದ್ದು ವಿಷದಿಂದ, ವಿಷ ಹಾಲಿನಲ್ಲಿತ್ತು, ಹಾಲು ಇವಳದು ಎಂದು ನಾಯಕ ಲೆಕ್ಕ ಹಾಕಿದ. ಹಾಲು ಒಯ್ದ ಕೊಡವೆಂದು ಅದರ ತಳದ ನೀರನ್ನು ಅವಳಿಗೇ ಕುಡಿಸಿದರು. ಅವಳಿಗೇನೂ ಆಗಲಿಲ್ಲ; ವಿಷ ಇಳಿಸುವ ಮದ್ದು ತಿಂದೇ ಬಂದಿರಬೇಕೆಂದರು. ಕೊನೆಗೆ ಕಡತ ಬಂತು. ಲಕ್ಕರಸಯ್ಯ ತೊಂಬತ್ತು ವರ್ಷದ ಪುಷ್ಯ, ಮಾಘಗಳನ್ನೆಲ್ಲ ಓದಿ, "ನೀರು ಗಟ್ಟಿಯಾದ ದಾಖಲೆ ಎಲ್ಲಿಯೂ ಇಲ್ಲ" ಎಂದ. ಅಷ್ಟು ಸಾಕಾಯಿತು. ಮೂರನೆಯ ದಿನ ಈ ಸುಳ್ಳಿಯನ್ನು ಬೆಟ್ಟದಿಂದ ನೂಕುವುದೆಂದು ಸುತ್ತಿನ ಏಳು ಹಳ್ಳಿಗಳಲ್ಲಿ ಡಂಗುರ ಸಾರಿದರು.

ಲಕ್ಕರಸಯ್ಯ ಓದಿದ್ದರಲ್ಲಿ ಸುಳ್ಳಿರಲಿಲ್ಲ. ಆದರೂ ಅವನಿಗೆ ಅನ್ನ ಸೇರಲಿಲ್ಲ. ಕೊಡದಿಂದ ಸಿಡಿದ ನೀರು ಅವನ ಪಾದದ ಮೇಲೆ ಬಿದ್ದಿತ್ತು. ಆ ಬಿಸಿಲಿನಲ್ಲೂ ಅದರ ತಂಪು ಕೆಂಡದಂತೆ ಚುರುಕ್ಕೆಂದಿತ್ತು. ಮರುದಿನ ಇಳಿಹೊತ್ತಿನಲ್ಲಿ ಅವನು ಸೆರೆಯ ಬಾಗಿಲಿಗೆ ಹೋಗಿ, "ನೀನು ಕಂಡದ್ದನ್ನು ನಾನೂ ಕಾಣಬಹುದೇನಮ್ಮ?" ಎಂದು ಕೇಳಿದ.

"ನೀವು ಒಂದ್ಸಲವಾದ್ರೂ ಮೇಲಕ್ಕೆ ಹೋಗಿದ್ದೀರಾ ಸ್ವಾಮಿ?" ಎಂದಳು ಅವಳು.

ಅವನು ಹೋಗಿರಲಿಲ್ಲ. ಅವನ ತಂದೆಯಾಗಲಿ ಅಜ್ಜನಾಗಲಿ ಹೋದವರಲ್ಲ. ತೊಂಬತ್ತು ವರ್ಷದ ಚಳಿಯನ್ನೆಲ್ಲ ಅವರು ಕೋಟೆಯ ಜಗಲಿಯಲ್ಲಿ ಕೂತೇ ಬರೆದಿದ್ದರು. ಅಂದೇ ಸಂಜೆ ಲಕ್ಕರಸಯ್ಯ ಹೊರೆ ಹುಲ್ಲು, ಒಂದು ಅಗಲವಾದ ಮಣ್ಣಿನ ತಟ್ಟೆ ಹೊರಿಸಿಕೊಂಡು ಹತ್ತಿದ. ದೊಣೆಯ ಪಕ್ಕದಲ್ಲಿ ಬಂಡೆಯ ಕಾವು ತಾಗದಂತೆ ಹುಲ್ಲು ಹಾಸಿ, ಅದರ ಮೇಲಿಟ್ಟ ತಟ್ಟೆಗೆ ಬೆರಳು ಮುಳುಗುವಷ್ಟು ನೀರೆರೆದು ಬಂದ. ಕೋಳಿ ಕೂಗುವ ಮೊದಲೇ ಮತ್ತೆ ಹೋಗಿ ನೋಡಿದ. ತಟ್ಟೆಯನ್ನು ಬೋರಲು ಹಾಕಿದರೂ ನೀರು ಬೀಳಲಿಲ್ಲ. ದೊಣೆಯೂ ಬಿಗಿದುಕೊಂಡಿತ್ತು. ಅವನಿಗೆ ಭಯವಾಯಿತು, ಚಳಿಗಲ್ಲ. ತಾನು ಓದಿದ ಒಂದು ಮಾತಿಗೆ.

ಅವನು ನೇರವಾಗಿ ನಾಯಕನ ಬಳಿಗೆ ಬಂದು ಕಡತವನ್ನು ಕಾಲ ಬಳಿ ಇಟ್ಟ. "ಒಡೆಯಾ, ಇದರಲ್ಲಿ ಬರೆದಿರುವುದು ಊರಿನ ಚಳಿ. ಬೆಟ್ಟದ ಚಳಿಯನ್ನು ನಮ್ಮ ವಂಶದವರು ಯಾರೂ ನೋಡಿಯೇ ಇರಲಿಲ್ಲ. ಇವತ್ತು ನಾನು ನೋಡಿ ಬಂದೆ. ಬಿಸಿಲಿಳಿಯುವ ಮೊದಲು ತಾವೂ ಬರಬೇಕು."

"ನಿನ್ನನ್ನೂ ಅವರು ಕೊಂಡರೇನು ಶಾನುಭೋಗ?" ಎಂದ ನಾಯಕ. ಮೇಲೆ ವೈರಿಯ ಬಿಲ್ಲುಗಾರರು ಕಾದಿರಬಹುದೆಂದು ಅವನ ಶಂಕೆ. ಆದರೂ ಹೊರಟ. ಮುಂದೆ ನಾಲ್ವರು, ಹಿಂದೆ ನಾಲ್ವರು ಈಟಿಯವರು. ಎಲ್ಲರಿಗಿಂತ ಮುಂದೆ, ಬಾಣ ಬಂದರೆ ಮೊದಲು ಅವಳಿಗೇ ತಾಗಲೆಂದು, ಕೈ ಕಟ್ಟಿದ ಚಿತ್ತಕ್ಕ. ದೊಣೆಯ ಬಳಿ ಯಾರೂ ಇರಲಿಲ್ಲ. ನಾಯಕ ಮೊದಲು ಈಟಿಯ ಹಿಡಿಯಿಂದ ಕುಟ್ಟಿ ನೋಡಿದ. ಸ್ಫಟಿಕವನ್ನು ತಂದು ಹಾಸಿದ್ದಾರೆಂದ. ಆಮೇಲೆ ಮಂಡಿಯೂರಿ ಬಲಗೈಯನ್ನು ಅದರ ಮೇಲಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ. ಅವನ ಕೈಯ ಬಿಸಿಗೆ ಅಡಿಯಲ್ಲಿ ನೀರೊಸರಿ ಬೆರಳ ಸಂದಿಯಿಂದ ಹರಿಯಿತು.

"ಬೆಂಕಿ ಇದ್ದಿದ್ರೆ ಬದುಕ್ತಿದ್ರು ಬುದ್ಧಿ" ಎಂದಳು ಚಿತ್ತಕ್ಕ. "ಅಪ್ಪಣೆ ಅಂತ ಅವರು ಒಂದು ಸೌದೇನೂ ಹಚ್ಲಿಲ್ಲ."

ನಾಯಕ ತಾನೇ ಅವಳ ಕಟ್ಟು ಬಿಚ್ಚಿದ. ಇಳಿಯುವಾಗ ಯಾರನ್ನೂ ಮುಂದೆ ಬಿಟ್ಟುಕೊಳ್ಳದೆ ಒಬ್ಬನೇ ಇಳಿದನಂತೆ. ಅವಳಿಗೆ ಹೊಲ ಕೊಡುತ್ತೇನೆಂದಾಗ ಅವಳು ಒಲ್ಲೆನೆಂದಳು. ಕಾವಲಿನವರಿಗೆ ತಲೆಗೆರಡು ಕಂಬಳಿ, ಹೊತ್ತಿ ಉರಿಯುವ ಒಲೆ, ಇಷ್ಟೇ ಕೇಳಿದಳು. ಅದು ನಡೆಯಿತು. ಲಕ್ಕರಸಯ್ಯ ಕಡತದಲ್ಲಿ ಇಬ್ಬರ ಸಾವನ್ನು ಬರೆದು, ಕಾರಣವೆಂಬಲ್ಲಿ ಚಳಿ ಮತ್ತು ಅಪ್ಪಣೆ ಎಂದು ಎರಡನ್ನೂ ಕಾಣಿಸಿದ; ನಾಯಕ ಅದನ್ನು ಅಳಿಸಹೇಳಲಿಲ್ಲ. ಚಿತ್ತಕ್ಕ ಸತ್ಯವಂತೆಯೆಂದು ಏಳು ಹಳ್ಳಿಗಳಲ್ಲಿ ಎರಡನೆಯ ಡಂಗುರವೂ ಆಯಿತು. ಆದರೆ ಜನ ಅದನ್ನು ನಂಬಲಿಲ್ಲ. ಒಡೆಯನಿಗೆ ಏನೋ ಮದ್ದು ಹಾಕಿದ್ದಾಳೆ, ಇಲ್ಲದಿದ್ದರೆ ನೀರು ಕಲ್ಲಾಗುವುದುಂಟೇ ಎಂದು ಬಾವಿಕಟ್ಟೆಗಳಲ್ಲಿ ಆಡಿಕೊಂಡರು. ಬೆಟ್ಟ ಹತ್ತಿ ನೋಡುವ ಶ್ರಮ ಯಾರಿಗೂ ಬೇಕಿರಲಿಲ್ಲ. ಮೊದಲ ಡಂಗುರದ ಮಾತೇ ದೊಣೆಗೆ ಹೆಸರಾಗಿ ಉಳಿಯಿತು. ಗೊಲ್ಲರ ಹಟ್ಟಿಯವರು ಮಾತ್ರ ಇಂದಿಗೂ ಅದನ್ನು ಚಿತ್ತಕ್ಕನ ದೊಣೆ ಎನ್ನುತ್ತಾರೆ.

ಈಗ ಹೋದವರಿಗೆ ದೊಣೆಯ ದಂಡೆಯಲ್ಲಿ ಬಂಡೆಗೆ ಕೊರೆದ ಎರಡು ಅಂಗೈಗಳು ಕಾಣುತ್ತವೆ. ಒಂದರ ಮಣಿಕಟ್ಟಿನಲ್ಲಿ ಬಳೆಯಿದೆ, ಇನ್ನೊಂದರಲ್ಲಿ ಕಡಗ. ಎರಡೂ ನೀರನ್ನು ಮುಟ್ಟಿ ನೋಡುವಂತೆ ಬೆರಳು ಚಾಚಿಕೊಂಡಿವೆ. ನಾಯಕನೇ ಕೆತ್ತಿಸಿದನೆಂದು ಹೇಳುತ್ತಾರೆ. ಉಳಿಯ ಗೆರೆ ಅಷ್ಟು ಹಳೆಯದಲ್ಲವೆಂದು ವಾದಿಸುವವರೂ ಇದ್ದಾರೆ. ಹತ್ತಿ ಬಂದವರು ಆ ಗುಳಿಗಳಲ್ಲಿ ತಮ್ಮ ಕೈಯಿಟ್ಟು, ಎಷ್ಟು ತಣ್ಣಗಿದೆ ಎನ್ನುತ್ತಾರೆ. ಕೆಳಗಿಳಿದು ಹೇಳಿದರೆ ಊರಿನವರು ನಗುತ್ತಾರೆ: ಕಲ್ಲು ತಣ್ಣಗಿರದೆ ಇನ್ನೇನು.