ಉಸಿರಿಲ್ಲದ ಕಡೆಯ ಬೆಳಕು

ಕುಂದಾವತಿಯ ಮಹಾರಾಜರ ಮೀಸೆಯ ಎಡತುದಿ ಬುಧವಾರ ಬೆಳಿಗ್ಗೆ ಕೆಳಗಿಳಿಯಿತು ಎಂದು ಡಂಗುರ ಸಾರಲಾಯಿತು. ಅಂಗಡಿಗಳು ಮುಚ್ಚಿದವು, ಮಂತ್ರಿಗಳು ಮೌನ ಆಚರಿಸಿದರು. ಕಾರಣ ಡಂಗುರದ ಕೊನೆಯಲ್ಲಿತ್ತು: ರಾಣಿ ಚೆನ್ನಾಜಿಯ ಗರ್ಭಕೊರಳಿನಲ್ಲಿ ಗೆಡ್ಡೆ ಬೆಳೆದಿದೆ, ವೈದ್ಯರು ಸುಡುವ ಕಿರಣ ಬಿಟ್ಟರೂ ಅದು ಸಾಯುತ್ತಿಲ್ಲ. ಗುಡ್ಡದ ರಕ್ಕಸಿಯ ಬಳಿ ಮೈಯೊಳಗನ್ನು ತೋರಿಸುವ ಕನ್ನಡಿಯಿದೆ. ಅವಳ ಮೂರು ಒಗಟು ಬಿಡಿಸಿ ಅದನ್ನು ತಂದವರಿಗೆ ಅರ್ಧ ರಾಜ್ಯ. ತಪ್ಪಿದವರನ್ನು ಅವಳು ತಿನ್ನುತ್ತಾಳೆ. ಅದಕ್ಕೆ ಅರಮನೆ ಹೊಣೆಯಲ್ಲ.

"ಬೆಳೆದಷ್ಟೂ ತನ್ನ ನಡುವಿಗೇ ಉಸಿರು ಕಟ್ಟಿಸಿಕೊಳ್ಳುವುದು ಯಾವುದು?" ಎಂದಳು ರಕ್ಕಸಿ.

ನೆರೆನಾಡಿನ ರಾಜಕುಮಾರ "ಪ್ರೇಮ" ಎಂದ. ಅವಳು ಕಿರೀಟ ತೆಗೆದಿಟ್ಟು ತಿಂದಳು. ಆಸ್ಥಾನದ ಪಂಡಿತರು "ಅಹಂಕಾರ" ಎಂದು ವ್ಯಾಖ್ಯಾನ ಶುರುಮಾಡಿದರು. ವ್ಯಾಖ್ಯಾನ ಮುಗಿಯಲಿಲ್ಲ.

ಆಮೇಲೆ ಬಂದವನು ಇದ್ದಿಲು ಸುಡುವ ಜವರ. ಅವನನ್ನು ಹೆರುವಾಗ ಅವನ ತಾಯಿಯ ಕೈ ಹಿಡಿದು ಕೂತವಳು ರಾಣಿ.

"ನಮ್ಮ ಇದ್ದಿಲಿನ ಗೂಡು, ಅಜ್ಜಿ. ಸೌದೆ ಹೆಚ್ಚು ಪೇರಿಸಿದಷ್ಟೂ ನಡುವಿಗೆ ಗಾಳಿ ಹೋಗಲ್ಲ. ರಾಣಿಯವರ ಗೆಡ್ಡೆಯೂ ಹಾಗೇ ಇರಬೇಕು."

"ಹೂಂ. ಉಸಿರು ಹೊತ್ತ ರಕ್ತ ಅಷ್ಟು ಒಳಗೆ ಮುಟ್ಟಲ್ಲ. ಸರಿ, ಸುತ್ತ ಬೆಂಕಿಯಿದ್ದರೂ ಬೂದಿಯಾಗದೆ ಉಳಿಯುವುದು ಯಾವುದು?"

"ಗಾಳಿ ಸಿಗದ ಸೌದೆ. ಒಮ್ಮೆ ಗೂಡಿಗೆ ಮೆತ್ತಿದ ಮಣ್ಣು ಬಿರುಕುಬಿಟ್ಟದ್ದು ನೋಡದೆ ನಿದ್ದೆ ಹೋದೆ. ಗಾಳಿ ನುಗ್ಗಿ ಎಲ್ಲ ಬೂದಿ. ಅಪ್ಪ ಇವತ್ತಿಗೂ ನನ್ನ 'ಬೂದಿಜವರ' ಅಂತಾನೆ. ಗೆಡ್ಡೆಯಲ್ಲೂ ಉಸಿರಿಲ್ಲದ ಕಡೆಯೇ ಕಿರಣಕ್ಕೆ ಬಗ್ಗದೆ ಕೂತಿದೆ."

"ಮೂರನೆಯದು. ಬಿಚ್ಚದೆ, ಕೊಯ್ಯದೆ ಆ ಜಾಗವನ್ನ ಹೇಗೆ ನೋಡ್ತೀಯ?"

ಜವರ ತಲೆ ಕೆರೆದುಕೊಂಡ. ರಕ್ಕಸಿ ಬಾಯಿ ತೆರೆದಳು.

"ತಾಳು ಅಜ್ಜಿ! ಗೂಡು ಬಿಚ್ಚಿದರೆ ಇದ್ದಿಲು ಹಾಳು. ಹೊಗೆಯ ಬಣ್ಣ ನೋಡಿ ಒಳಗಿನದು ತಿಳೀತೀವಿ. ಮೈಯೊಳಗೂ ಏನಾದರೂ ಕಳಿಸಬೇಕು, ಉಸಿರಿಲ್ಲದಲ್ಲಿ ಮಾತ್ರ ಅಂಟಿಕೊಳ್ಳುವಂಥದ್ದು. ಆಮೇಲೆ ಹೊರಗಿಂದ ನೋಡಬೇಕು."

ರಕ್ಕಸಿ ಬಾಯಿ ಮುಚ್ಚಿದಳು. "ಇವತ್ತು ಉಪವಾಸ" ಎಂದು ಗೊಣಗುತ್ತ ಕನ್ನಡಿಯನ್ನೂ ಒಂದು ಸೀಸೆ ಮದ್ದನ್ನೂ ಕೊಟ್ಟಳು.

ಮದ್ದು ರಾಣಿಯ ರಕ್ತ ಸೇರಿತು. ಕನ್ನಡಿಯ ಕತ್ತಲಲ್ಲಿ ಮೊದಲು ಏನೂ ಇರಲಿಲ್ಲ. ನಿಧಾನವಾಗಿ ಒಂದು ಕಿಡಿ ಮೂಡಿತು, ಹರಡಿತು, ಅಂಕುಡೊಂಕಾದ ದ್ವೀಪದಂತೆ ಹೊಳೆಯಿತು. ಉಸಿರು ಕಡಿಮೆಯಾದಷ್ಟೂ ಬೆಳಕು ಹೆಚ್ಚು. ಯಾರೂ ಮುಟ್ಟದ ಜಾಗ ತಾನೇ ತನ್ನ ಅಳತೆ ಹೇಳುತ್ತಿತ್ತು. ವೈದ್ಯರು ಪೇಟ ತೆಗೆದರು. ಮಹಾರಾಜರು ಮೀಸೆ ಮರೆತರು.

"ಚೆಂದ ಇದೆ, ದರಿದ್ರದ್ದು" ಎಂದಳು ರಾಣಿ, ಕಣ್ಣು ಕೀಳದೆ.

ವೈದ್ಯರು ಬೆಳಕಿದ್ದಲ್ಲಿಗೇ ಹೆಚ್ಚು ಕಿರಣ ಬಿಟ್ಟರು. ಮುಂದಿನ ಸಲ ನೋಡಿದಾಗ ಕನ್ನಡಿಯಲ್ಲಿ ಬೆಳಕಿರಲಿಲ್ಲ. ಜವರನಿಗೆ ಅರ್ಧ ರಾಜ್ಯ ಸಿಕ್ಕಿತು, ಹೆಚ್ಚಿನದು ಕಲ್ಲುಭೂಮಿ. ಗೆಡ್ಡೆ ಮರಳಲಿಲ್ಲ. ರಾಣಿ ಬದುಕಿದಳು.