ಹಾಜರಿ ಯಂತ್ರ ಕಂಡ ಮಗು

ಇದನ್ನು ನನಗೆ ಮೊದಲು ಹೇಳಿದವಳು ಶಾಲೆಯಲ್ಲಿ ಬಿಸಿಯೂಟ ಮಾಡುವ ನೀಲವ್ವ.

ಆ ಶಾಲೆಗೆ ಮುಖ ನೋಡಿ ಹಾಜರಿ ಹಾಕುವ ಕಂಪ್ಯೂಟರ್ ಬಂತು. ಅದು ದಿನವೂ ಮಾಸ್ತರರ ಹಾಜರಿ ಪುಸ್ತಕಕ್ಕಿಂತ ಒಂದು ಮಗುವನ್ನು ಹೆಚ್ಚಿಗೆ ಎಣಿಸುತ್ತಿತ್ತು, ಅದೂ ಖಾಲಿ ಮೂಲೆಯಲ್ಲಿ.

ತಪಾಸಣೆಗೆ ಬಂದ ಸಾಹೇಬರು ಗುಡುಗಿದರು: "ಯಂತ್ರ ಸುಳ್ಳು ಹೇಳೂದಿಲ್ಲ ಮಾಸ್ತರ! ಒಂದು ಮಗೂನ ಹಾಜರಿ ನುಂಗೀರಿ. ನಾಳೆಯಿಂದ ನೌಕರಿ ಇಲ್ಲ!"

ಮಾಸ್ತರರು ಊಟದ ಹೊತ್ತಿಗೆ ಆ ಮೂಲೆಯಲ್ಲೂ ತಟ್ಟೆಯಿಟ್ಟು ಅನ್ನ ಬಡಿಸಿದರು. "ಬರ್ರಿ ಸಾಹೇಬ್ರ, ಬಂದವರು ಮಕ್ಕಳ ಪಕ್ಕ ಕೂತು ಉಣ್ಣೋದು ನಮ್ಮ ಶಾಲೆ ಪದ್ಧತಿ."

ಸಾಹೇಬರು ಆ ಮೂಲೆಯ ತಟ್ಟೆಯ ಪಕ್ಕ ಕೂತು ತುತ್ತೆತ್ತಿದರು. ಮಾಸ್ತರರು ಖಾಲಿ ಜಾಗ ನೋಡಿ ಮೆಲ್ಲಗೆ ಹೇಳಿದರು: "ಕೂಸ, ಸಾಹೇಬ್ರ ತೋಳು ಬಿಡು. ಉಣ್ಣಲಿ."

"ಯಂತ್ರ ಕೆಟ್ಟದ! ನಿಮ್ಮ ಎಣಿಕೆನ ಖರೇ!" ಎನ್ನುತ್ತ ಸಾಹೇಬರು ಜೀಪಿಗೆ ಓಡಿದರು.

ಜೀಪು ಗೇಟು ದಾಟುತ್ತಲೇ ಯಂತ್ರದ ಎಣಿಕೆ ತಾನಾಗಿ ಸರಿಹೋಯಿತು. ಆ ಮಗು ಮತ್ತೆ ಮೂಲೆಗೆ ಬರಲಿಲ್ಲ.

ದೇವರು ದೊಡ್ಡವನು. ಇದನ್ನು ನಾಲ್ಕು ಜನಕ್ಕೆ ಹೇಳಿ, ಸಾಹೇಬರಿಗೆ ಮಾತ್ರ ಬೇಡ.