ರಾಣಿಯ ಬೆನ್ನ ಹಿಂದೆ

"ಅಜ್ಜಾರ, ನನ್ನ ಬದುಕು ಬದುಕಿದವ ನಾನು. ನೋಡಿದವರಿಗೆ ಏನು ಗೊತ್ತಿರತೈತಿ?" ಎಂದು ಕಲ್ಲಿನಾಥ ಕೇಳಿದ.

ನಿಶ್ಚಯವಾಗಿದ್ದ ಮದುವೆಯನ್ನು ಬಿಟ್ಟು ಮಠ ಸೇರಿದ್ದವನು ಅವನು. ಅದಾದ ಮೇಲೆ ಮೊದಲ ಸಲ ಊರಿಗೆ ಹೋಗಿ, ಮುಖ ಊದಿಸಿಕೊಂಡು ಬಂದಿದ್ದ. ಊರಿನಲ್ಲಿ ಒಬ್ಬರು ಅವನನ್ನು ಹೇಡಿ ಎಂದಿದ್ದರು. ಇನ್ನೊಬ್ಬರು ಮಹಾತ್ಮ ಎಂದು ಕಾಲಿಗೆ ಬಿದ್ದಿದ್ದರು. ಮತ್ತೊಬ್ಬರು ಸೊಕ್ಕಿನವ ಎಂದು ಮುಖ ತಿರುಗಿಸಿದ್ದರು. ಮಠದ ಹಿರಿಯರಾದ ಮುಪ್ಪಯ್ಯಜ್ಜ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಒಂದು ಕತೆ ಹೇಳಿದರು.

ಒಂದು ನಾಟಕ ಕಂಪನಿಯಲ್ಲಿ ಅಂಬೂಬಾಯಿ ಎಂಬ ನಟಿ ಇದ್ದಳು. ಅವಳ ರಾಣಿ ಪಾರ್ಟು ಎಂದರೆ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ನಾಟಕ ಹಳೇ ಕಾಲದ್ದು. ಒಂದು ಕೋಟೆ, ಕೋಟೆಗೊಬ್ಬಳು ರಾಣಿ, ಅವಳು ಮನಸ್ಸು ಕೊಟ್ಟ ಒಬ್ಬ ಕುದುರೆ ಸವಾರ. ಕೊನೆಗೆ ರಾಣಿ ಕೋಟೆಯನ್ನೇ ಆರಿಸಿಕೊಂಡು ಸವಾರನಿಗೆ ಹೋಗು ಎನ್ನುತ್ತಾಳೆ. ಅದಕ್ಕೆ ಅಷ್ಟುದ್ದದ ಹಾಡು. ನಾಟಕದವರಲ್ಲವೇ, ಹೋಗು ಅನ್ನುವುದಕ್ಕೂ ಅವರಿಗೆ ತಾಳ ಬೇಕು!

ಕಂಪನಿ ನಾಟಕಕ್ಕೆ ಒಂದು ಕಟ್ಟಳೆಯಿತ್ತು. ಕೂತ ಜನಕ್ಕೆ ಬೆನ್ನು ತೋರಿಸುವ ಹಾಗಿಲ್ಲ. ಗಂಡನಿಗೆ ಬೈಯುವುದಿದ್ದರೂ ಜನರ ಕಡೆ ಮುಖ ಮಾಡಿಯೇ ಬೈಯಬೇಕು, ಗಂಡ ಹಿಂದೆ ನಿಂತು ಬೈಸಿಕೊಳ್ಳಬೇಕು. ಅಂಬೂಬಾಯಿ ಈ ಕಟ್ಟಳೆಯನ್ನು ಎಂದೂ ಮುರಿದವಳಲ್ಲ. ಕೊನೆಯ ಹಾಡಿಗೆ ಅವಳು ರಂಗದ ಅಂಚಿಗೆ ಬಂದು ನಿಲ್ಲುತ್ತಿದ್ದಳು. ಸವಾರ ಹಿಂದೆ ನಿಲ್ಲುತ್ತಿದ್ದ. ಹಾಡಿನ ನಡುವೆ ಒಂದು ಕಡೆ ಇಡೀ ಥಿಯೇಟರು ಗಪ್ಪಾಗುತ್ತಿತ್ತು, ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅದು ತನ್ನ ಕಂಠಕ್ಕೆ ಸಂದ ಕಣ್ಣೀರು ಎಂದು ಅಂಬೂಬಾಯಿ ಒಳಗೊಳಗೇ ಹಿಗ್ಗುತ್ತಿದ್ದಳು.

ಸವಾರನ ಪಾರ್ಟು ಮಾಡುತ್ತಿದ್ದವನು ದಾವಲ. ಪರದೆ ಬಿದ್ದ ಮೇಲೆ ಅವನ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ಸಾಕುಸಾಕಾಗುತ್ತಿತ್ತು. "ನಾ ಜೀವ ಹಿಂಡಿ ಹಾಡತೀನಿ, ನೀ ಹಿಂದ ಕಂಬದಂಗ ನಿಂತಿರ್ತಿ" ಎಂದು ಅವಳು ಎಷ್ಟೋ ಸಲ ರೇಗಿದ್ದಳು. ಅವನು ನಕ್ಕು ಸುಮ್ಮನಾಗುತ್ತಿದ್ದ. ಅವಳಿಗೆ ಅವನ ಮೇಲೆ ಮನಸ್ಸಿತ್ತು. ಅವನಾಗಿ ಬಾಯಿ ಬಿಡಲಿ ಎಂದು ಕಾದಳು. ಬಿಡಲಿಲ್ಲ. ಒಂದು ದಿನ ಯಾರಿಗೂ ಹೇಳದೆ ಕೇಳದೆ ಕಂಪನಿ ಬಿಟ್ಟು ಹೋದ. ಕೆಲವು ವರ್ಷದ ಮೇಲೆ ಅವನು ತೀರಿಕೊಂಡ ಸುದ್ದಿ ಬಂತು. ಅಂಬೂಬಾಯಿ ಬೇರೆ ಯಾರನ್ನೂ ಮದುವೆಯಾಗಲಿಲ್ಲ. ಅವನಿಗೆ ತನ್ನ ಮೇಲೆ ಎಳ್ಳಷ್ಟಾದರೂ ಪ್ರೀತಿ ಇತ್ತೋ ಇಲ್ಲವೋ ಎಂಬ ಪ್ರಶ್ನೆ ಅವಳನ್ನು ಮುಪ್ಪಿನವರೆಗೂ ಕೊರೆಯಿತು.

ಕಂಪನಿ ಮುಚ್ಚಿತು. ಎಷ್ಟೋ ಕಾಲದ ಮೇಲೆ ಒಬ್ಬ ನಿರ್ದೇಶಕ ಅದೇ ನಾಟಕವನ್ನು ಸಿನಿಮಾ ಮಾಡಿದ. ಸಿನಿಮಾ ಬಂದ ದಿನ ಅವನೇ ಕಾರು ತಂದು ಅಂಬೂಬಾಯಿಯ ಮನೆ ಬಾಗಿಲಿಗೆ ನಿಂತ.

"ಅಕ್ಕಾರ, ಒಂದು ತೊಡಕಾಗೈತಿ. ಕೊನೀ ಹಾಡಿನ್ಯಾಗ ಸವಾರಂದು ಒಂದು ಸಣ್ಣ ಕೆಲಸ ಐತಿ. ಅದು ಯಾಕ ಬೇಕು, ಕತ್ತರಿಸಿ ಒಗಿ ಅಂತ ರೊಕ್ಕ ಹಾಕಿದವರು ಕುಂತಾರ. ನೀವು ನೋಡಿ ಹೇಳ್ರಿ. ನೀವು ಇರಲಿ ಅಂದ್ರ ಇರತೈತಿ, ಬ್ಯಾಡ ಅಂದ್ರ ಹೋಗತೈತಿ."

ಅಂಬೂಬಾಯಿಗೆ ನಗು ಬಂತು. ಕಂಬಕ್ಕೆಂಥ ಕೆಲಸ? ಈಗಿನ ಹುಡುಗರು ಏನೋ ಒಂದು ತುರುಕಿರುತ್ತಾರೆ ಎಂದುಕೊಂಡಳು. ಆದರೂ ಹೊರಟಳು. ತನ್ನ ಪಾರ್ಟನ್ನು ಇನ್ನೊಬ್ಬಳು ಹೇಗೆ ಕೆಡಿಸಿದ್ದಾಳೆ ಎಂದು ನೋಡುವ ಆಸೆ ಯಾರಿಗಿರುವುದಿಲ್ಲ ಹೇಳು?

ಯಾರೂ ಗುರುತು ಹಿಡಿಯಬಾರದು ಎಂದು ತಲೆ ತುಂಬ ಸೆರಗು ಹೊದ್ದು ಹಿಂದಿನ ಸಾಲಿನಲ್ಲಿ ಕೂತಳು. ಅರ್ಧ ಸಿನಿಮಾ ಹುಳುಕು ಹುಡುಕುವುದರಲ್ಲೇ ಹೋಯಿತು. ಹುಡುಗಿಗೆ ನಡಿಗೆ ಬಾರದು, ಕೈ ಎತ್ತುವುದು ಬಾರದು. ಮಧ್ಯಂತರಕ್ಕೆ ದೀಪ ಹತ್ತಿತು. ಜನ ಚಹಾಕ್ಕೆ ಎದ್ದರು. ಅವಳೂ ಅವರ ಹಿಂದೆ ಹೋಗಿ ಗೋಡೆಗೆ ಒರಗಿ ನಿಂತು ಕಿವಿಗೊಟ್ಟಳು.

ಅಬ್ಬಬ್ಬಾ, ಏನು ಮಾತು! ರಾಣಿಗೆ ಬುದ್ಧಿಯಿಲ್ಲ, ಕೋಟೆಯೇನು ಹೊತ್ತುಕೊಂಡು ಹೋಗುತ್ತಾಳಾ ಎಂದು ಕಾಲೇಜಿನ ಹುಡುಗಿಯೊಬ್ಬಳು ಸಿಟ್ಟಾಗಿದ್ದಳು. ಆ ಕಾಲದಲ್ಲಿ ಇಂಥ ತೆಳು ಅಂಚಿನ ಸೀರೆ ಎಲ್ಲಿತ್ತು ಎಂದು ಒಬ್ಬ ಬಟ್ಟೆ ವ್ಯಾಪಾರಿ ಗೊಣಗುತ್ತಿದ್ದ. ಒಬ್ಬ ಮೇಷ್ಟರು ಸಿನಿಮಾಕ್ಕಿಂತ ನಾಟಕವೇ ವಾಸಿ ಎಂದರು. ಅವರು ನಾಟಕ ನೋಡಿರಲೇ ಇಲ್ಲ ಎಂಬುದು ಎರಡನೇ ಮಾತಿಗೇ ಗೊತ್ತಾಯಿತು. ಒಬ್ಬಳು ರಾಣಿ ಮಾಡುತ್ತಿರುವುದೇ ಸರಿ ಎಂದದ್ದಕ್ಕೆ ಅವಳ ಗಂಡ, "ಹಂಗಾದ್ರ ನೀನೂ ನಿನ್ನ ತವರಿನ ಕ್ವಾಟಿಗೆ ನಡಿ" ಎಂದ. ಅವರಿಬ್ಬರದೇ ಒಂದು ಬೇರೆ ನಾಟಕ ಶುರುವಾಯಿತು.

ಅಂಬೂಬಾಯಿಗೆ ಇದೆಲ್ಲ ಹೊಸದು. ಜನ ಹೊರಗೆ ಮಾತಾಡಿಕೊಳ್ಳುವ ಹೊತ್ತಿಗೆ ಅವಳು ಯಾವಾಗಲೂ ಒಳಗೆ ಕೂತು ಮುಖದ ಬಣ್ಣ ತೊಳೆಯುತ್ತಿದ್ದಳು. ಚಪ್ಪಾಳೆ ಕೇಳಿದ್ದಳು, ಶಿಳ್ಳೆ ಕೇಳಿದ್ದಳು, ಅದರ ಆಚೆಗೆ ಏನನ್ನೂ ಕೇಳಿದವಳಲ್ಲ. ಇನ್ನೂ ಏನೇನು ಅನ್ನುತ್ತಾರೋ ಎಂಬ ಕುತೂಹಲದಲ್ಲಿ ಅವಳ ಚಹಾ ಆರಿಹೋಯಿತು.

ಕೊನೆಯ ಹಾಡು ಬಂತು. ರಾಣಿ ಕೋಟೆಯ ಕಿಟಕಿಗೆ ಮುಖ ಮಾಡಿ ನಿಂತಳು. ಸವಾರ ಹಿಂದೆ ನಿಂತ. ಅಂಬೂಬಾಯಿ ತುಟಿಯಲ್ಲೇ ಹಾಡು ಹೇಳಿಕೊಳ್ಳತೊಡಗಿದಳು. ನಡುವೆ ಸವಾರ ಸದ್ದಿಲ್ಲದೆ ಮೊಣಕಾಲೂರಿದ. ನೆಲಕ್ಕೆ ಹಾಸಿದ್ದ ರಾಣಿಯ ಸೆರಗಿನ ತುದಿಯನ್ನು ಮೆಲ್ಲಗೆ ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡ. ಇದ್ದ ಹಾಗೇ ನೆಲಕ್ಕೆ ಹಾಸಿ, ಎದ್ದು, ಮತ್ತೆ ಮೊದಲಿನಂತೆ ನಿಂತ. ರಾಣಿಗೆ ಗೊತ್ತಾಗಲಿಲ್ಲ. ಅವಳು ಹಾಡುತ್ತಲೇ ಇದ್ದಳು.

ಥಿಯೇಟರು ಗಪ್ಪಾಯಿತು. ಹೆಂಗಸರು ಕಣ್ಣು ಒರೆಸಿಕೊಂಡರು. ಹಾಡಿನ ಅದೇ ಸಾಲು. ನಾಟಕದಲ್ಲೂ ಜನ ಅಳುತ್ತಿದ್ದದ್ದು ಇಲ್ಲೇ.

ಪಕ್ಕದಲ್ಲಿ ಒಬ್ಬ ಮುದಿ ಬಳೆಗಾರ್ತಿ ಕೂತಿದ್ದಳು. ಅಂಬೂಬಾಯಿ ಅವಳ ಕೈ ಹಿಡಿದು ಕೇಳಿದಳು.

"ಯವ್ವಾ, ಸೆರಗು ಕಣ್ಣಿಗೆ ಒತ್ತಿಗೊಂಡನಲ್ಲ, ಅದು ನಾಟಕದಾಗ ಇತ್ತೇನು?"

"ಇತ್ತೇನು ಅಂತಿಯಲ್ಲ, ದಿನಾ ಇತ್ತು! ನಾವು ಹಾಡು ಕೇಳಾಕ ಹೋಗ್ತಿದ್ವಿ ಅಂತ ಮಾಡೀಯೇನು? ಅದನ್ನ ನೋಡಾಕ ಹೋಗ್ತಿದ್ವಿ. ಅದು ಪಾರ್ಟು ಅಲ್ಲವಾ, ಅಂವನ ಜೀವ ಖರೇನ ಆಕಿ ಮ್ಯಾಲ ಇತ್ತು."

"ಪಾಪ, ಆಕಿಗೆ ಗೊತ್ತಿದ್ದಿಲ್ಲೇನೋ."

"ಊರಿಗೆಲ್ಲಾ ಗೊತ್ತಿತ್ತು, ಆಕಿಗೊಬ್ಬಾಕಿಗೆ ಗೊತ್ತಿದ್ದಿಲ್ಲೇನು? ಕಲ್ಲು ಮನಸ್ಸಿನಾಕಿ. ಒಮ್ಮೆರೆ ಹೊಳ್ಳಿ ನೋಡಲಿಲ್ಲ."

ಬಳೆಗಾರ್ತಿ ಎದ್ದು ಹೋದಳು. ಅಂಬೂಬಾಯಿ ಕೂತಲ್ಲೇ ಕೂತಳು. ಇಷ್ಟು ವರ್ಷ ತನ್ನ ಕಂಠದ್ದು ಎಂದುಕೊಂಡ ಕಣ್ಣೀರು ತನ್ನದಾಗಿರಲಿಲ್ಲ. ಆದರೆ ಅವಳಿಗೆ ಅದರ ಸಂಕಟವಿರಲಿಲ್ಲ. ಬದುಕೆಲ್ಲ ಕೊರೆದ ಪ್ರಶ್ನೆಗೆ ಉತ್ತರ ದಿನಾ ಟಿಕೆಟು ಕೊಂಡು ಬಂದವರಿಗೆಲ್ಲ ಸಿಕ್ಕಿತ್ತು. ತನ್ನೊಬ್ಬಳಿಗೆ ಸಿಗಲಿಲ್ಲ. "ಅಯ್ಯೋ ದಾವಲಾ, ನನಗೊಂದು ಮಾತು ಅನ್ನಬಾರದಾಗಿತ್ತೇನೋ" ಎಂದು ಬಾಯಿಬಿಟ್ಟು ಅತ್ತಳು. ಆ ಅಳುವಿನಲ್ಲಿ ದುಃಖವೂ ಇತ್ತು, ಸಂತೋಷವೂ ಇತ್ತು. ಯಾವುದು ಹೆಚ್ಚು ಎಂದು ಅವಳಿಗೇ ತಿಳಿಯಲಿಲ್ಲ.

ನಿರ್ದೇಶಕ ಓಡಿ ಬಂದ. ಏನು ಅಪಚಾರವಾಯಿತೋ ಎಂದು ಅವನಿಗೆ ಗಾಬರಿ.

"ನಾ ಹುಟ್ಟಿಸಿಕೊಂಡು ಮಾಡಿದ್ದಲ್ಲರೀ ಅಕ್ಕಾರ. ಸಣ್ಣಂವಿದ್ದಾಗ ಕಣ್ಣಾರೆ ನೋಡಿದ್ದು. ಬ್ಯಾಡ ಅಂದ್ರ ಇವತ್ತ ತಗಸ್ತೀನಿ."

"ತಗೀಬ್ಯಾಡಪಾ," ಎಂದಳು ಅಂಬೂಬಾಯಿ. "ನಾಳೆ ಮತ್ತ ಕರಕೊಂಡು ಬಾ. ಈ ನಾಟಕ ನಾ ಇವತ್ತ ಮೊದಲ ಸಲ ನೋಡೀನಿ."

ಅಜ್ಜ ಕತೆ ಮುಗಿಸಿದರು. ಕಲ್ಲಿನಾಥನ ಮುಖದ ಊತ ಇಳಿದಿತ್ತು. ಅವನಿಗೆ ಅಂಬೂಬಾಯಿಯ ಮೇಲೆ ಕನಿಕರ ಹುಟ್ಟಿತ್ತು.

"ಆಕಿದೇನು ತಪ್ಪು ಅಜ್ಜಾರ? ಹಿಂದ ನಿಂತವನ ಮನಸ್ಸು ಆಕಿಗೆ ಹ್ಯಾಂಗ ಕಾಣಬೇಕು?"

ಮುಪ್ಪಯ್ಯಜ್ಜ ಅವನನ್ನೇ ನೋಡುತ್ತ ಕೇಳಿದರು: "ಊರಾಗ ನಿನ್ನ ಬಗ್ಗೆ ಅಂದಿದ್ದೆಲ್ಲಾ ಹೇಳಿದಿ ತಮ್ಮಾ, ನೀ ಮದುವಿ ಬಿಟ್ಟು ಬಂದ ಆ ಹುಡುಗಿ ಬಗ್ಗೆ ಏನಂದ್ರು?"